ಒಡೆಯನಿಗಿಲ್ಲದ ಕಟ್ಟಳೆ

ಹಣವಂತರ ಜೀವನಚರಿತ್ರೆಯನ್ನು ಓದುವ ಅಭ್ಯಾಸ ನಮ್ಮಂಥ ಸಾಹಿತ್ಯದ ಅಧ್ಯಾಪಕರಿಗೆ ಕಡಿಮೆ. ಕವಿಯ ಬಡತನವನ್ನು ಕುರಿತು ನಾವು ಗಂಟೆಗಟ್ಟಲೆ ಮಾತನಾಡಬಲ್ಲೆವು. ಕವಿಗೆ ಅನ್ನವಿಕ್ಕಿದವನ ಜಮಾಖರ್ಚಿನ ಪುಸ್ತಕವನ್ನು ತೆರೆದು ನೋಡುವ ಕುತೂಹಲ ನಮಗಿಲ್ಲ. ನನಗೂ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಗಳ ಚಿಕ್ಕದೊಂದು ಉಳಿತಾಯ ಸಂಘದ ಕಾರ್ಯದರ್ಶಿಯ ಹೊಣೆ ನನ್ನ ಪಾಲಿಗೆ ಬಂದಿತು. ಪರರ ಹಣವನ್ನು ಕಾಯುವುದೆಂದರೆ ಏನೆಂಬುದು ಆಗ ತುಸುಮಟ್ಟಿಗೆ ತಿಳಿಯಿತು. ಐದೂವರೆ ಶತಮಾನಗಳ ಹಿಂದೆ ಗತಿಸಿದ ಒಬ್ಬ ಸಾಹುಕಾರನ ಬಾಳು ನನ್ನನ್ನು ಸೆಳೆದದ್ದು ಆ ದಿನಗಳಲ್ಲಿ. ಅವನ ಹೆಸರು ಕೋಸಿಮೋ ದೇ ಮೆಡಿಚಿ. ಅವನ ಊರು ಇಟಲಿಯ ಫ್ಲಾರೆನ್ಸ್.

ಮೆಡಿಚಿ ಮನೆತನದ ಹೆಸರು ನಮ್ಮ ವಾಚಕರಿಗೆ ಅಪರಿಚಿತವೇನಲ್ಲ. ಬಾಟಿಚೆಲ್ಲಿಯ ಚಿತ್ರ, ಮೈಕೆಲೇಂಜೆಲೊನ ಶಿಲ್ಪ ಇವುಗಳ ಮಾತು ಬಂದಲ್ಲೆಲ್ಲ ಆ ಹೆಸರು ಬರುತ್ತದೆ. ನಾವು ಬಲ್ಲದ್ದು ಮರದ ಹೂವನ್ನು. ಬೇರು ಇದ್ದದ್ದು ಬ್ಯಾಂಕಿನಲ್ಲಿ. ಆ ಬ್ಯಾಂಕನ್ನು ಸ್ಥಾಪಿಸಿದವನು ಕೋಸಿಮೋವಿನ ತಂದೆ ಜೊವಾನ್ನಿ. ಉತ್ತುಂಗಕ್ಕೇರಿಸಿದವನು ಕೋಸಿಮೋ. ಅದು ಕುಸಿದದ್ದು ಮೊಮ್ಮಗನ ಕಾಲದಲ್ಲಿ. ಬಾಗಿಲು ಮುಚ್ಚಿದ್ದು ಮರಿಮಗನ ಕಾಲದಲ್ಲಿ. ಏರಿಕೆಗೂ ಇಳಿಕೆಗೂ ಕಾರಣವಾದದ್ದು ಒಬ್ಬನೇ ಮನುಷ್ಯನ ಆಡಳಿತದ ರೀತಿ ಎಂಬುದು ನನ್ನ ತಿಳಿವಳಿಕೆ. ಅದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಫ್ಲಾರೆನ್ಸಿನಲ್ಲಿ ಲೇವಾದೇವಿ ಹೊಸದಾಗಿರಲಿಲ್ಲ. 1252ರಿಂದ ಆ ನಗರದ ಟಂಕಸಾಲೆಯಲ್ಲಿ ಅಚ್ಚಾಗುತ್ತಿದ್ದ ಫ್ಲೋರಿನ್ ಎಂಬ ಚಿನ್ನದ ನಾಣ್ಯಕ್ಕೆ ಯೂರೋಪಿನ ಎಲ್ಲ ಸಂತೆಗಳಲ್ಲೂ ಬೆಲೆಯಿತ್ತು. ಬಾರ್ದಿ ಮತ್ತು ಪೆರುಜ್ಜಿ ಎಂಬ ಎರಡು ಮನೆತನಗಳ ಬ್ಯಾಂಕುಗಳು ಹದಿನಾಲ್ಕನೆಯ ಶತಮಾನದ ಮೊದಲರ್ಧದಲ್ಲಿ ಮೆರೆದಿದ್ದವು. ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನಿಗೆ ಯುದ್ಧದ ಖರ್ಚಿಗಾಗಿ ಅವು ಅಪಾರ ಸಾಲ ಕೊಟ್ಟವು. ಸಾಲ ಹಿಂದಿರುಗಲಿಲ್ಲ. 1340ರ ದಶಕದಲ್ಲಿ ಎರಡೂ ಮುಳುಗಿದವು. ಅವುಗಳನ್ನು ನಂಬಿ ಠೇವಣಿಯಿಟ್ಟಿದ್ದ ಸಾಮಾನ್ಯರೂ ಮುಳುಗಿದರು. ದೊರೆಗೆ ಕೊಟ್ಟ ಸಾಲವನ್ನು ವಸೂಲು ಮಾಡಲು ಯಾವ ನ್ಯಾಯಾಲಯವೂ ಇಲ್ಲ ಎಂಬ ಪಾಠ ಆ ಊರಿನ ಹೆಂಚುಗಳ ಮೇಲೂ ಬರೆದಂತಿತ್ತು.

ಆ ನೆನಪು ಮಾಸದಿದ್ದ ಕಾಲದಲ್ಲಿ, 1397ರಲ್ಲಿ, ಜೊವಾನ್ನಿ ತನ್ನ ಬ್ಯಾಂಕನ್ನು ಫ್ಲಾರೆನ್ಸಿನಲ್ಲಿ ತೆರೆದನು. ಮೂವರು ಪಾಲುದಾರರು ಸೇರಿ ಹೂಡಿದ ಬಂಡವಾಳ 10,000 ಫ್ಲೋರಿನ್. ಜೊವಾನ್ನಿ ಮುನ್ನುಗ್ಗುವ ಸ್ವಭಾವದವನಲ್ಲ, ಅಳೆದು ಸುರಿಯುವವನು. ಅವನ ಲಾಭದ ಅರ್ಧಕ್ಕಿಂತ ಹೆಚ್ಚು ಪಾಲು ರೋಮಿನಿಂದ, ಎಂದರೆ ಪೋಪನ ಆಸ್ಥಾನದ ಹಣಕಾಸಿನ ವ್ಯವಹಾರದಿಂದ ಬರುತ್ತಿತ್ತು. 1389ರಲ್ಲಿ ಹುಟ್ಟಿದ ಹಿರಿಯ ಮಗ ಕೋಸಿಮೋ ಈ ಅಂಗಡಿಯ ನೆರಳಿನಲ್ಲೇ ಬೆಳೆದನು. ಖಾತೆ ಬರೆಯುವುದನ್ನು ಕಲಿತಂತೆ ಲ್ಯಾಟಿನ್ ಗ್ರಂಥಗಳನ್ನು ಓದುವುದನ್ನೂ ಕಲಿತನು. ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಬರುವುದು ಅಂದಿಗೂ ಅಪರೂಪ, ಇಂದಿಗೂ ಅಪರೂಪ.

ತಂದೆಯ ಕಾಲದ ಒಂದು ಪ್ರಸಂಗ ಮಗನ ಮನಸ್ಸಿನಲ್ಲಿ ಆಳವಾಗಿ ನಾಟಿರಬೇಕು. ಕ್ರೈಸ್ತ ಜಗತ್ತಿನಲ್ಲಿ ಪೋಪನ ಪೀಠಕ್ಕೆ ಮೂವರು ಹಕ್ಕುದಾರರಿದ್ದ ಗೊಂದಲದ ದಿನಗಳು ಅವು. ಅವರಲ್ಲೊಬ್ಬನಾದ ಬಾಲ್ದಸ್ಸಾರೆ ಕೊಸ್ಸಾ ಮೆಡಿಚಿಗಳ ಗಿರಾಕಿ, ಮಿತ್ರ. 1415ರಲ್ಲಿ ಕಾನ್‌ಸ್ಟನ್ಸ್ ನಗರದ ಧರ್ಮಸಭೆ ಅವನನ್ನು ಪದಚ್ಯುತಗೊಳಿಸಿತು, ಅವನು ಸೆರೆಯಾಳಾದನು. ಪದವಿ ಹೋದ ಗಿರಾಕಿಯಿಂದ ಬ್ಯಾಂಕಿಗೆ ಇನ್ನೇನು ಲಾಭ? ಆದರೂ ಅವನ ಬಿಡುಗಡೆಯ ಹಣವನ್ನು ಕೊಡಿಸಿದವರು ಮೆಡಿಚಿಗಳು. 1419ರಲ್ಲಿ ಅವನು ಫ್ಲಾರೆನ್ಸಿನಲ್ಲಿಯೇ ತೀರಿಕೊಂಡಾಗ ದೊನಾತೆಲ್ಲೊ ಮತ್ತು ಮಿಕೆಲೊಜ್ಜೊ ಎಂಬ ಶಿಲ್ಪಿಗಳಿಂದ ಅವನಿಗೊಂದು ಭವ್ಯ ಸಮಾಧಿಯನ್ನು ಕಟ್ಟಿಸಲು ಮುಂದೆ ನಿಂತವರೂ ಅವರೇ. ಬಿದ್ದ ಗಿರಾಕಿಯ ಕೈಬಿಡದವನ ಕೈಗೆ ಎದ್ದ ಗಿರಾಕಿಗಳು ಧೈರ್ಯವಾಗಿ ಹಣ ಕೊಡುತ್ತಾರೆ. ಇದು ಧರ್ಮವೋ ವ್ಯಾಪಾರವೋ ಎಂದು ಬೇರ್ಪಡಿಸುವುದು ಕಷ್ಟ. ಕೋಸಿಮೋವಿನ ಇಡೀ ಬದುಕಿನಲ್ಲಿ ಈ ಎರಡನ್ನು ಬೇರ್ಪಡಿಸುವುದು ಕಷ್ಟವೇ.

1420ರಲ್ಲಿ ಜೊವಾನ್ನಿ ವ್ಯವಹಾರದಿಂದ ನಿವೃತ್ತನಾಗಿ ಅದನ್ನು ಕೋಸಿಮೋ ಮತ್ತು ಲೊರೆಂಜೊ ಎಂಬ ಇಬ್ಬರು ಮಕ್ಕಳಿಗೆ ಒಪ್ಪಿಸಿದನು. 1429ರಲ್ಲಿ ತಂದೆ ತೀರಿಕೊಂಡ ಮೇಲೆ ಮನೆತನದ ಯಜಮಾನಿಕೆಯೂ ಹಿರಿಯವನ ಹೆಗಲಿಗೆ ಬಂದಿತು. ಅವನ ಸಂಪತ್ತು, ಅವನಿಂದ ಉಪಕೃತರಾದವರ ಸಂಖ್ಯೆ ಇವೆರಡನ್ನೂ ಕಂಡು ನಗರದ ಹಳೆಯ ಶ್ರೀಮಂತರು ಕಳವಳಗೊಂಡರು. ಅವರ ಮುಂದಾಳು ರಿನಾಲ್ಡೊ ಅಲ್ಬಿಜ್ಜಿ. 1433ರ ಸೆಪ್ಟೆಂಬರಿನಲ್ಲಿ ನಗರಸಭೆ ಕೋಸಿಮೋವನ್ನು ಕರೆಸಿ, ಸಭಾಭವನದ ಗೋಪುರದ ಪುಟ್ಟ ಕೋಣೆಯೊಂದರಲ್ಲಿ ಬಂಧಿಸಿಟ್ಟಿತು. ಇತರ ಪೌರರಿಗಿಂತ ಮೇಲೇರಲು ಯತ್ನಿಸಿದನೆಂಬುದು ಆಪಾದನೆ. ತಲೆ ಹೋಗುವ ಸಂಭವವೂ ಇತ್ತು. ವಿಷಕ್ಕೆ ಅಂಜಿ ಅವನು ಕೆಲವು ದಿನ ಅನ್ನಾಹಾರಗಳನ್ನು ಮುಟ್ಟಲಿಲ್ಲವೆಂದೂ, ಕಾವಲುಗಾರನು ತಾನೂ ಜೊತೆಗೆ ಕುಳಿತು ಉಂಡು ಧೈರ್ಯ ತುಂಬಿದನೆಂದೂ ಒಂದು ಕಥೆಯಿದೆ.

ಆದರೆ ನನ್ನ ಗಮನವನ್ನು ಸೆಳೆದದ್ದು ಸೆರೆಮನೆಯ ಕಥೆಯಲ್ಲ. ಅದಕ್ಕೆ ಹಿಂದಿನ ತಿಂಗಳುಗಳ ಲೆಕ್ಕ. ಗಾಳಿ ಯಾವ ಕಡೆ ಬೀಸುತ್ತಿದೆಯೆಂಬುದನ್ನು ಅರಿತ ಕೋಸಿಮೋ ಆ ವರ್ಷದ ಬೇಸಗೆಯಲ್ಲಿಯೇ ಹಣವನ್ನು ಸದ್ದಿಲ್ಲದೆ ಸಾಗಿಸಿದ್ದನು. ಒಂದಿಷ್ಟು ವೆನಿಸ್ಸಿನ ಶಾಖೆಗೆ ಹೋಯಿತು. ಒಂದಿಷ್ಟು ಸನ್ಯಾಸಿಗಳ ಮಠಗಳಲ್ಲಿ ಭದ್ರವಾಯಿತು. ಸರ್ಕಾರಿ ಸಾಲಪತ್ರಗಳಲ್ಲೊಂದು ಭಾಗ ರೋಮಿನ ಶಾಖೆಯ ಹೆಸರಿಗೆ ಬದಲಾಯಿತು. ಒಡೆಯನ ಕೊರಳಿಗೆ ಹಗ್ಗ ಬಿದ್ದರೂ ಬ್ಯಾಂಕಿನ ಉಸಿರು ನಿಲ್ಲಬಾರದೆಂಬುದು ಅವನ ಯೋಚನೆ. ಕೊನೆಗೆ ಲಂಚ ಮತ್ತು ರಾಜತಂತ್ರ ಎರಡೂ ಕೆಲಸ ಮಾಡಿದವು. ಮರಣದಂಡನೆ ತಪ್ಪಿತು, ಗಡೀಪಾರು ಬಂದಿತು. ವೆನಿಸ್ ಅವನನ್ನು ಅತಿಥಿಯಂತೆ ಬರಮಾಡಿಕೊಂಡಿತು. ಅವನು ಆಶ್ರಯ ಪಡೆದ ಊರಿಗೆ ಋಣ ಸಲ್ಲಿಸುವಂತೆ, ತನ್ನ ಜೊತೆಗಿದ್ದ ಮಿಕೆಲೊಜ್ಜೊವಿನಿಂದ ಅಲ್ಲಿನ ಮಠವೊಂದಕ್ಕೆ ಪುಸ್ತಕಭಂಡಾರವನ್ನು ಕಟ್ಟಿಸಿಕೊಟ್ಟನು. ಒಂದು ವರ್ಷ ಕಳೆಯುವಷ್ಟರಲ್ಲಿ ಫ್ಲಾರೆನ್ಸಿನ ಆಡಳಿತ ಬದಲಾಯಿತು. 1434ರ ಅಕ್ಟೋಬರಿನಲ್ಲಿ ಅವನು ಹಿಂದಿರುಗಿದನು. ಗಡೀಪಾರಾಗುವ ಸರದಿ ಅಲ್ಬಿಜ್ಜಿಯದಾಯಿತು.

ಅಲ್ಲಿಂದ ಮೂವತ್ತು ವರ್ಷ ಫ್ಲಾರೆನ್ಸ್ ಅವನ ಮಾತಿನಂತೆ ನಡೆಯಿತು. ಆದರೆ ನಗರಸಭೆಯ ಅಗ್ರಪೀಠದಲ್ಲಿ ಅವನು ಕುಳಿತದ್ದು ಮೂರು ಸಲ ಮಾತ್ರ, ಪ್ರತಿ ಸಲವೂ ಎರಡೇ ತಿಂಗಳು. ಆಳುವವನು ಆಳುವಂತೆ ಕಾಣಬಾರದೆಂಬುದು ಅವನ ನೀತಿ. ಬ್ಯಾಂಕಿನಲ್ಲಿಯೂ ಅವನದು ಅದೇ ರೀತಿ. 1435ರಲ್ಲಿ ಅವನು ಬ್ಯಾಂಕಿನ ಮೇಲ್ವಿಚಾರಣೆಯನ್ನು ಇಬ್ಬರಿಗೆ ವಹಿಸಿದನು. ಅವರಲ್ಲಿ ಮುಖ್ಯನಾದವನು ಜೊವಾನ್ನಿ ಬೆಂಚಿ. ಈತ ಮೆಡಿಚಿ ರಕ್ತದವನಲ್ಲ. ಹುಡುಗನಾಗಿದ್ದಾಗಲೇ ರೋಮ್ ಶಾಖೆಗೆ ಸೇರಿ, ಖಾತೆ ಬರೆಯುತ್ತ ಬರೆಯುತ್ತ ಮೇಲೆ ಬಂದವನು. 1455ರಲ್ಲಿ ಸಾಯುವವರೆಗೆ ಬೆಂಚಿ ಆ ಸ್ಥಾನದಲ್ಲಿದ್ದನು. ಅವನ ಕಾಲವೇ ಬ್ಯಾಂಕಿನ ಸುವರ್ಣಕಾಲ. 1439ರಲ್ಲಿ ಬ್ರೂಜ್, 1446ರಲ್ಲಿ ಲಂಡನ್ ಮತ್ತು ಅವಿನ್ಯೋನ್, 1452ರಲ್ಲಿ ಮಿಲಾನ್ ಹೀಗೆ ಶಾಖೆಗಳು ಹಬ್ಬಿದವು. ರೋಮ್, ವೆನಿಸ್, ಜಿನೀವಾ, ಪೀಸಾಗಳಲ್ಲಿಯೂ ಶಾಖೆಗಳಿದ್ದವು. ಇವಲ್ಲದೆ ಫ್ಲಾರೆನ್ಸಿನಲ್ಲಿ ಉಣ್ಣೆ ಮತ್ತು ರೇಷ್ಮೆಯ ಕಾರ್ಖಾನೆಗಳಿದ್ದವು.

ಶಾಖೆಗಳೆಂದು ನಾನು ಬರೆದದ್ದು ರೂಢಿಯ ಮಾತು. ವಾಸ್ತವವಾಗಿ ಅವು ಒಂದೇ ಮರದ ಕೊಂಬೆಗಳಲ್ಲ, ಒಂದೇ ತೋಟದ ಬೇರೆಬೇರೆ ಮರಗಳು. ಬಾರ್ದಿ, ಪೆರುಜ್ಜಿಗಳ ಸಂಸ್ಥೆಗಳಲ್ಲಿ ಎಲ್ಲವೂ ಒಂದಾಗಿದ್ದುದರಿಂದ ಒಂದು ಕಡೆ ಬೆಂಕಿ ಬಿದ್ದರೆ ಎಲ್ಲವೂ ಉರಿಯಿತು. ಮೆಡಿಚಿಗಳು ಪ್ರತಿಯೊಂದು ಊರಿನಲ್ಲಿಯೂ ಪ್ರತ್ಯೇಕ ಪಾಲುದಾರಿಕೆಯನ್ನು ಏರ್ಪಡಿಸಿದರು. ಪ್ರತಿಯೊಂದಕ್ಕೂ ತನ್ನದೇ ಬಂಡವಾಳ, ತನ್ನದೇ ಖಾತೆಪುಸ್ತಕ, ತನ್ನದೇ ಕರಾರು. ಬಂಡವಾಳದ ಹೆಚ್ಚಿನ ಪಾಲು ಮೆಡಿಚಿಗಳದು. ಉಳಿದದ್ದರಲ್ಲಿ ಒಂದು ಭಾಗ ಆ ಊರಿನ ವ್ಯವಸ್ಥಾಪಕನದು. 1455ರಲ್ಲಿ ಮಿಲಾನಿನ ವರ್ತಕನೊಬ್ಬ ಬ್ರೂಜ್ ಶಾಖೆಯ ಮೇಲೆ ದಾವೆ ಹೂಡಿದನು. ತಾನು ಕೊಂಡ ಒಂಬತ್ತು ಮೂಟೆ ಉಣ್ಣೆಯನ್ನು ಸರಿಯಾಗಿ ಕಟ್ಟದೆ ಕಳುಹಿಸಿದ್ದರಿಂದ ನಷ್ಟವಾಯಿತೆಂಬುದು ಅವನ ದೂರು. ಉಣ್ಣೆಯನ್ನು ಮಾರಿದ್ದು ಲಂಡನ್ ಶಾಖೆ, ಅದು ಬೇರೆಯೇ ಸಂಸ್ಥೆ ಎಂದು ಬ್ರೂಜಿನವರು ವಾದಿಸಿದರು. ಎರಡಕ್ಕೂ ಒಡೆಯ ಒಬ್ಬನೇ ಅಲ್ಲವೇ ಎಂದು ವರ್ತಕ ಕೇಳಿದನು. ನ್ಯಾಯಾಲಯ ಬ್ರೂಜಿನವರ ವಾದವನ್ನೇ ಒಪ್ಪಿತು. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ಹರಡದಂತೆ ನಡುವೆ ಗೋಡೆಯಿದ್ದುದು ಹೀಗೆ ಸಾಬೀತಾಯಿತು.

ಅದೇ ವರ್ಷ ಬ್ರೂಜಿನ ವ್ಯವಸ್ಥಾಪಕ ಆನ್ಯೊಲೊ ತಾನಿಯೊಡನೆ ಆದ ಕರಾರು ಕೋಸಿಮೋವಿನ ಆಡಳಿತ ನೀತಿಗೆ ಕನ್ನಡಿಯಂತಿದೆ. ಬಂಡವಾಳ ಅಲ್ಲಿನ ನಾಣ್ಯದಲ್ಲಿ 3,000 ಪೌಂಡು. ತಾನಿಯ ಪಾಲು 500, ಎಂದರೆ ಆರರಲ್ಲೊಂದು. ಲಾಭದಲ್ಲಿ ಮಾತ್ರ ಅವನಿಗೆ ಐದರಲ್ಲೊಂದು. ದುಡಿಮೆಗೆ ದೊರೆತ ಮನ್ನಣೆ ಅದು. ಅವನು ಸಂಬಳದ ಗುಮಾಸ್ತನಲ್ಲ, ಪಾಲುದಾರ. ನಷ್ಟವಾದರೆ ಅವನ ಗಂಟೂ ಕರಗುತ್ತದೆ. ಇದು ನಂಬಿಕೆಯ ಮುಖ. ಇನ್ನೊಂದು ಮುಖ ಕಟ್ಟಳೆಯದು. ಅವನು ಬ್ರೂಜಿನಲ್ಲಿಯೇ ವಾಸವಾಗಿರಬೇಕು. ವರ್ತಕರು ಮತ್ತು ನುರಿತ ಕಸುಬುದಾರರ ಹೊರತು ಅನ್ಯರಿಗೆ ಸಾಲ ಕೊಡಬಾರದು. ಅರಸು ಮಕ್ಕಳಿಗೂ ಧರ್ಮಾಧಿಕಾರಿಗಳಿಗೂ ಹಿರಿಯ ಪಾಲುದಾರರ ಒಪ್ಪಿಗೆಯಿಲ್ಲದೆ ಕೊಡಲೇಬಾರದು. ಸ್ವಂತ ವ್ಯಾಪಾರ ಕೂಡದು, ಜೂಜು ಕೂಡದು, ವಸತಿಯಲ್ಲಿ ಹೆಂಗಸರನ್ನು ಇರಿಸಿಕೊಳ್ಳಕೂಡದು, ದೊಡ್ಡ ಉಡುಗೊರೆಗಳನ್ನು ಸ್ವೀಕರಿಸಕೂಡದು. ಗುಮಾಸ್ತನೊಬ್ಬನನ್ನು ನೇಮಿಸಲೂ ಫ್ಲಾರೆನ್ಸಿನ ಅಪ್ಪಣೆ ಬೇಕು. ಪ್ರತಿ ವರ್ಷ ಮಾರ್ಚ್ 24ರಂದು ಲೆಕ್ಕ ಮುಗಿಸಿ ಕೇಂದ್ರಕ್ಕೆ ಕಳುಹಿಸಬೇಕು. ಕೈಗೆ ಸ್ವಾತಂತ್ರ್ಯ, ಕಾಲಿಗೆ ಸರಪಳಿ!

ದೂರವಾಣಿಯಿಲ್ಲದ, ಒಂದು ಕಾಗದ ಊರಿಂದೂರಿಗೆ ತಲಪಲು ವಾರಗಳೇ ಹಿಡಿಯುತ್ತಿದ್ದ ಆ ಕಾಲದಲ್ಲಿ ಇದಕ್ಕಿಂತ ವಿವೇಕದ ಏರ್ಪಾಡನ್ನು ಊಹಿಸುವುದು ಕಷ್ಟ. ಫಲವೂ ಹಾಗೆಯೇ ಬಂದಿತು. ಮೆಡಿಚಿಗಳ ರಹಸ್ಯ ಖಾತೆಪುಸ್ತಕಗಳು ಮೂರು, 1397ರಿಂದ 1450ರವರೆಗಿನವು, ಫ್ಲಾರೆನ್ಸಿನ ಪತ್ರಾಗಾರದಲ್ಲಿ 1950ರಲ್ಲಿ ಪತ್ತೆಯಾದವು. ಅವುಗಳ ಪ್ರಕಾರ 1420ರಿಂದ 1435ರವರೆಗೆ ಬಂದ ಲಾಭ 1,86,382 ಫ್ಲೋರಿನ್. 1435ರಿಂದ 1450ರವರೆಗೆ, ಅಂದರೆ ಅಷ್ಟೇ ವರ್ಷಗಳಲ್ಲಿ, 2,90,791 ಫ್ಲೋರಿನ್.

ಈ ಲಾಭದ ಒಳಗೊಂದು ಮುಳ್ಳಿತ್ತು. ಬಡ್ಡಿ ತೆಗೆದುಕೊಳ್ಳುವುದು ಕ್ರೈಸ್ತಧರ್ಮದ ಕಟ್ಟಳೆಯಂತೆ ಪಾಪ. ಆದ್ದರಿಂದ ಬ್ಯಾಂಕಿನವರು ಹುಂಡಿಯನ್ನು ಹೋಲುವ ಪತ್ರಗಳ ಮೂಲಕ ವ್ಯವಹರಿಸುತ್ತಿದ್ದರು. ಫ್ಲಾರೆನ್ಸಿನಲ್ಲಿ ಫ್ಲೋರಿನ್ ಕೊಟ್ಟು, ತಿಂಗಳುಗಳ ಮೇಲೆ ಬ್ರೂಜಿನಲ್ಲೋ ಲಂಡನ್ನಿನಲ್ಲೋ ಅಲ್ಲಿಯ ನಾಣ್ಯವನ್ನು ಪಡೆಯುವುದು. ಎರಡು ನಾಣ್ಯಗಳ ವಿನಿಮಯ ದರದ ಅಂತರದಲ್ಲಿ ಬಡ್ಡಿ ಅಡಗಿ ಕುಳಿತಿರುತ್ತಿತ್ತು. ಠೇವಣಿಯಿಟ್ಟವರಿಗೆ ಕೊಟ್ಟದ್ದು ಬಡ್ಡಿಯಲ್ಲ, ಬ್ಯಾಂಕು ಸಂತೋಷದಿಂದಿತ್ತ ಕೊಡುಗೆ! ಹೆಸರು ಬದಲಾದರೂ ಅಂತಃಸಾಕ್ಷಿ ಬದಲಾಗಲಿಲ್ಲ. ಪೋಪ್ ನಾಲ್ಕನೆಯ ಯುಜೀನಿಯಸನ ಮುಂದೆ ಕೋಸಿಮೋ ಈ ಅಳುಕನ್ನು ತೋಡಿಕೊಂಡನೆಂದೂ, ಸ್ಯಾನ್ ಮಾರ್ಕೊ ಮಠದ ಜೀರ್ಣೋದ್ಧಾರವೇ ಪ್ರಾಯಶ್ಚಿತ್ತವಾಗಿ ಗೊತ್ತಾಯಿತೆಂದೂ ಹೇಳುತ್ತಾರೆ. ಮಿಕೆಲೊಜ್ಜೊ ಮಠವನ್ನು ಹೊಸದಾಗಿ ಕಟ್ಟಿದನು. ಫ್ರಾ ಆಂಜೆಲಿಕೊ ಅದರ ಗೋಡೆಗಳನ್ನು ಚಿತ್ರಗಳಿಂದ ಬೆಳಗಿದನು. ನಿಕೊಲೊ ನಿಕೊಲಿ ಎಂಬ ವಿದ್ವಾಂಸ ಪುಸ್ತಕಗಳ ಮೋಹದಲ್ಲಿ ಸಾಲಗಾರನಾಗಿಯೇ 1437ರಲ್ಲಿ ತೀರಿಕೊಂಡಿದ್ದನು. ಅವನ ಸಾಲದ ಹೊರೆಯನ್ನು ಕೋಸಿಮೋ ತಾನು ಹೊತ್ತು, ಅವನ ನೂರಾರು ಗ್ರಂಥಗಳನ್ನು ಆ ಮಠದಲ್ಲಿರಿಸಿ, ಅಲ್ಲೊಂದು ಸಾರ್ವಜನಿಕ ಗ್ರಂಥಾಲಯ ಏಳುವಂತೆ ಮಾಡಿದನು. ಇದನ್ನು ಓದಿದಾಗ, ಪುಸ್ತಕದ ಅಂಗಡಿಗಳಲ್ಲಿ ಸದಾ ಬಾಕಿದಾರನಾಗಿರುವ ನನ್ನ ಮನಸ್ಸು ಅವನಿಗೆ ಕೈಮುಗಿಯಿತು.

ಇಲ್ಲಿಗೇ ನಿಲ್ಲಿಸಿದರೆ ಈ ಲೇಖನ ಒಂದು ಸ್ತೋತ್ರವಾದೀತು. ಅದು ಸತ್ಯವಾಗಲಾರದು. ತನ್ನ ವ್ಯವಸ್ಥಾಪಕರಿಗೆ ಅಷ್ಟೊಂದು ಕಟ್ಟಳೆಗಳನ್ನು ವಿಧಿಸಿದ ಕೋಸಿಮೋ ತನಗೆ ಯಾವ ಕಟ್ಟಳೆಯನ್ನೂ ವಿಧಿಸಿಕೊಳ್ಳಲಿಲ್ಲ. ಲೆಕ್ಕದಲ್ಲಿ ಸುಳ್ಳು ಕೂಡದೆಂದು ಶಾಖೆಗಳಿಗೆ ಆಜ್ಞಾಪಿಸಿದವನು ನಗರದ ತೆರಿಗೆಯವರಿಗೆ ತನ್ನ ಬಂಡವಾಳವನ್ನು ಕಡಿಮೆ ಮಾಡಿ ತೋರಿಸಿದನು. ಅದೇ ತೆರಿಗೆ ಅವನ ಕಡೆಯವರ ಕೈಯಲ್ಲಿ ಎದುರಾಳಿಗಳನ್ನು ಹಣಿಯುವ ದೊಣ್ಣೆಯಾಯಿತು. ಜಾನೊತ್ಸೊ ಮನೆತ್ತಿ ಎಂಬ ಘನ ವಿದ್ವಾಂಸ ಆ ಹೊರೆಯನ್ನು ತಾಳಲಾರದೆ 1453ರಲ್ಲಿ ಊರನ್ನೇ ಬಿಟ್ಟನು. ವೆನಿಸ್ಸಿನಲ್ಲಿ ಕೊಂಡು ತಂದ ದಾಸಿಯೊಬ್ಬಳು ಅವನ ಮನೆಯಲ್ಲಿದ್ದಳು. ಅವಳಲ್ಲಿ ಅವನಿಗೆ ಹುಟ್ಟಿದ ಮಗ ಮುಂದೆ ಧರ್ಮಾಧಿಕಾರಿಯಾದನು. ಅವಳ ಇಷ್ಟಾನಿಷ್ಟವನ್ನು ಕೇಳಿದವರು ಯಾರು? ಯಾವ ಖಾತೆಪುಸ್ತಕದಲ್ಲಿಯೂ ಆ ಬಾಕಿ ಕಾಣುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾಗಿ, ಅರಸರಿಗೆ ಸಾಲ ಕೊಡಬೇಡಿರೆಂದು ಬ್ರೂಜಿಗೆ ಬರೆದು ಕಳುಹಿಸಿದವನು ಮಿಲಾನಿನಲ್ಲಿ ತಾನೇ ಆ ನಿಯಮವನ್ನು ಮೀರಿದನು. ಸೈನಿಕನಾಗಿದ್ದ ಫ್ರಾನ್ಚೆಸ್ಕೊ ಸ್ಫೋರ್ಜಾ 1450ರಲ್ಲಿ ಮಿಲಾನಿನ ಗದ್ದುಗೆಯನ್ನೇರಿದ್ದು ಕೋಸಿಮೋವಿನ ಹಣದ ಬೆಂಬಲದಿಂದ. ಅಲ್ಲಿ ಶಾಖೆ ತೆರೆದದ್ದೇ ಬಹುಮಟ್ಟಿಗೆ ಆ ಅರಮನೆಗೆ ಸಾಲವೊದಗಿಸಲಿಕ್ಕಾಗಿ. ಇದಕ್ಕೆ ರಾಜಕೀಯ ಕಾರಣವಿತ್ತು. ಮಿಲಾನಿನ ಸ್ನೇಹದಿಂದ ಫ್ಲಾರೆನ್ಸಿಗೆ ಭದ್ರತೆ ದೊರೆಯಿತು. 1454ರ ಲೋದಿ ಒಪ್ಪಂದದಿಂದ ಇಟಲಿಗೆ ಶಾಂತಿ ದೊರೆಯಿತು. ಎಲ್ಲಿ ಮೀರಬೇಕು, ಎಷ್ಟು ಮೀರಬೇಕು ಎಂಬುದನ್ನು ಕೋಸಿಮೋ ಬಲ್ಲವನಾಗಿದ್ದ. ಆ ಹದ ಅವನ ತಲೆಯಲ್ಲಿತ್ತು, ಕರಾರಿನಲ್ಲಿರಲಿಲ್ಲ. ತಲೆಯಲ್ಲಿರುವುದು ತಲೆಯೊಂದಿಗೇ ಹೋಗುತ್ತದೆ.

ವೃದ್ಧಾಪ್ಯ ಅವನಿಗೆ ಸುಖವನ್ನು ತರಲಿಲ್ಲ. ತಮ್ಮ ಲೊರೆಂಜೊ 1440ರಲ್ಲಿಯೇ ತೀರಿಕೊಂಡಿದ್ದನು. 1455ರಲ್ಲಿ ಬೆಂಚಿ ಹೋದನು. ಬ್ಯಾಂಕಿನ ಉತ್ತರಾಧಿಕಾರಕ್ಕೆ ತರಬೇತು ಪಡೆದಿದ್ದ ಕಿರಿಯ ಮಗ ಜೊವಾನ್ನಿ 1463ರಲ್ಲಿ ತಂದೆಯ ಕಣ್ಣೆದುರಿಗೇ ಸತ್ತನು. ಉಳಿದ ಮಗ ಪಿಯೆರೊ ಸಂಧಿವಾತದಿಂದ ಹಾಸಿಗೆ ಹಿಡಿದವನು. ಕರೆಜ್ಜಿಯ ತೋಟದ ಮನೆಯಲ್ಲಿ, ಮಾರ್ಸಿಲಿಯೊ ಫಿಚೀನೊ ಆಗಷ್ಟೇ ಅನುವಾದಿಸಿಕೊಟ್ಟಿದ್ದ ಪ್ಲೇಟೋವಿನ ಸಂವಾದಗಳನ್ನು ಕೇಳುತ್ತ ಮುದುಕ ದಿನಗಳನ್ನು ಕಳೆದನು. 1464ರ ಆಗಸ್ಟ್ 1ರಂದು ಅವನು ಕಣ್ಣು ಮುಚ್ಚಿದನು. ನಗರ ಅವನಿಗೆ ದೇಶಪಿತನೆಂಬ ಬಿರುದನ್ನಿತ್ತಿತು; ಸ್ಯಾನ್ ಲೊರೆಂಜೊ ದೇವಾಲಯದ ಅವನ ಸಮಾಧಿಯಲ್ಲಿ ಅದು ಇಂದಿಗೂ ಇದೆ.

ಮುಂದಿನದು ದುಃಖದ ಕಥೆ. ಬ್ರೂಜಿನ ವ್ಯವಸ್ಥಾಪಕನಾಗಿ ಬಂದ ತೊಮ್ಮಾಸೊ ಪೋರ್ತಿನಾರಿ ಪರಕೀಯನಲ್ಲ. ತಂದೆಯನ್ನು ಕಳೆದುಕೊಂಡ ಮೇಲೆ ಕೋಸಿಮೋವಿನ ಮನೆಯಲ್ಲೇ ಬೆಳೆದವನು. ಅವನಿಗೆ ಬರ್ಗಂಡಿಯ ಪ್ರಭು ಚಾರ್ಲ್ಸನ ಅರಮನೆಯ ವೈಭವ ಹಿಡಿಸಿತು. ಹೊಸ ಒಡೆಯರ ಕಾಲದ ಕರಾರುಗಳಲ್ಲಿ ಅರಸರ ಸಾಲದ ನಿಷೇಧ ಸಡಿಲಗೊಂಡು ಮಿತಿಯಾಯಿತು. ಪೋರ್ತಿನಾರಿ ಮಿತಿಯನ್ನೂ ದಾಟಿದನು. 1477ರ ಜನವರಿಯಲ್ಲಿ ಚಾರ್ಲ್ಸ್ ಯುದ್ಧದಲ್ಲಿ ಮಡಿದನು, ಸಾಲವೂ ಅವನೊಡನೆ ಮಡಿಯಿತು. ಇಂಗ್ಲೆಂಡಿನ ದೊರೆ ನಾಲ್ಕನೆಯ ಎಡ್ವರ್ಡನಿಗೆ ಕೊಟ್ಟ ಸಾಲ ಲಂಡನ್ ಶಾಖೆಯನ್ನು ನುಂಗಿತು. ಬೆಂಚಿಯ ಸ್ಥಾನದಲ್ಲಿದ್ದ ಫ್ರಾನ್ಚೆಸ್ಕೊ ಸಾಸ್ಸೆತ್ತಿ ಲೆಕ್ಕಗಳನ್ನು ಒತ್ತಿ ಕೇಳಲಿಲ್ಲ.

ಸಾಸ್ಸೆತ್ತಿ, ಪೋರ್ತಿನಾರಿ ಇವರನ್ನು ದೂರುವವರು ಬಹಳ. ಆದರೆ ಅವರ ಒಡೆಯನಾಗಿದ್ದ ಮೊಮ್ಮಗ ಲೊರೆಂಜೊ ಏನು ಮಾಡಿದನು? ಕಲೆಯ ಪೋಷಕನೆಂದು ಜಗತ್ತು ಕೊಂಡಾಡುವ ಅವನು, ತನ್ನ ಪಾಲನೆಯಲ್ಲಿದ್ದ ಇಬ್ಬರು ಎಳೆಯ ದಾಯಾದಿಗಳ 50,000ಕ್ಕೂ ಹೆಚ್ಚು ಫ್ಲೋರಿನ್‌ಗಳನ್ನು ಕಷ್ಟಕಾಲದಲ್ಲಿ ತನ್ನ ಉಪಯೋಗಕ್ಕೆ ತೆಗೆದುಕೊಂಡನು. ಅವರು ದೊಡ್ಡವರಾಗಿ ಕೇಳಿದಾಗ ಮನೆತನದ ಆಸ್ತಿಯನ್ನು ಬಿಟ್ಟುಕೊಡಬೇಕಾಯಿತು. ತಾತನಿಂದ ಅವನು ಕಲಿತದ್ದು ಕಟ್ಟಳೆಯನ್ನಲ್ಲ, ಕಟ್ಟಳೆ ಒಡೆಯನಿಗೆ ಅನ್ವಯಿಸುವುದಿಲ್ಲ ಎಂಬುದನ್ನು. 1494ರ ನವೆಂಬರಿನಲ್ಲಿ ಅವನ ಮಗ ಊರು ಬಿಟ್ಟು ಓಡಿದನು; ಬ್ಯಾಂಕು ಅಲ್ಲಿಗೆ ಮುಗಿಯಿತು. ಸ್ಥಾಪನೆಯಾಗಿ 97 ವರ್ಷಗಳಾಗಿದ್ದವು. ಪೋರ್ತಿನಾರಿ 1501ರಲ್ಲಿ, ತನ್ನ ಪೂರ್ವಜನೊಬ್ಬ ದಾನವಾಗಿ ಕಟ್ಟಿಸಿದ್ದ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟನು.

ನಮ್ಮ ಚಿಕ್ಕ ಸಂಘದ ಮಾತಿನಿಂದ ಈ ಲೇಖನವನ್ನು ಆರಂಭಿಸಿದೆ. ಇಬ್ಬರ ಜಾಮೀನಿಲ್ಲದೆ ಸಾಲ ಕೊಡಕೂಡದೆಂಬುದು ಅಲ್ಲಿನ ನಿಯಮ. ನಾನು ಕಾರ್ಯದರ್ಶಿಯಾಗಿದ್ದಾಗ ಆಪ್ತ ಮಿತ್ರರೊಬ್ಬರು ಮಗಳ ಓದಿಗಾಗಿ ತುರ್ತಾಗಿ ಹಣ ಕೇಳಿದರು. ಎರಡನೆಯ ಜಾಮೀನುದಾರರು ಊರಿನಲ್ಲಿರಲಿಲ್ಲ. ಮಿತ್ರರ ಸತ್ಯಸಂಧತೆಯನ್ನು ನಾನು ಬಲ್ಲೆ. ಒಂದೇ ಸಹಿಯ ಮೇಲೆ ಕೊಟ್ಟೆ. ಅವರು ಕೊನೆಯ ಕಂತಿನವರೆಗೂ ದಿನ ತಪ್ಪದೆ ತೀರಿಸಿದರು. ನನ್ನ ಅಂದಾಜು ಸರಿಯಾಗಿತ್ತೆಂದು ನಾನು ಹೆಮ್ಮೆಪಟ್ಟೆ. ಮರುವರ್ಷ ಬೇರೊಬ್ಬರು ಕಾರ್ಯದರ್ಶಿಯಾದರು. ಒಂದೇ ಸಹಿಯ ಅರ್ಜಿಯೊಂದು ಅವರ ಮುಂದೆ ಬಂದಾಗ ಅರ್ಜಿದಾರರು ನನ್ನ ಹೆಸರನ್ನು ಹೇಳಿ, ಹಿಂದೆ ನಡೆದಿದೆಯಲ್ಲ ಎಂದರು. ಪಾಪ, ಹೊಸ ಕಾರ್ಯದರ್ಶಿಗಳು ಏನು ಮಾಡಿಯಾರು! ಆ ಹಣ ಪೂರ್ತಿಯಾಗಿ ಹಿಂದಿರುಗಲಿಲ್ಲ. ಸಭೆಯಲ್ಲಿ ಯಾರೂ ನನ್ನತ್ತ ಬೆರಳು ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆ ಸಭೆಯಿಂದ ಮನೆಗೆ ಬಂದ ರಾತ್ರಿ ಕೋಸಿಮೋವಿನ ಬ್ರೂಜ್ ಕರಾರಿನ ವಿವರಗಳನ್ನು ಇನ್ನೊಮ್ಮೆ ಓದಿದೆ. ಎಷ್ಟು ಜಾಣತನ, ಎಷ್ಟು ದೂರದೃಷ್ಟಿ! ಜೂಜಿಗೆ, ಉಡುಗೊರೆಗೆ, ಅರಸನ ಆಸೆಗೆ, ಎಲ್ಲಕ್ಕೂ ಬೇಲಿಯಿದೆ. ಒಡೆಯನು ಓಡಾಡುವ ಒಂದು ಕಾಲುದಾರಿಗೆ ಮಾತ್ರ ಬೇಲಿಯಿಲ್ಲ. ಹೊಲಕ್ಕೆ ದನ ನುಗ್ಗಿದ್ದು ಅಲ್ಲಿಂದಲೇ.